ಸೆಗಾ ಮೆಗಾ ಡ್ರೈವ್ ಮೊದಲ ಮಾದರಿ: ಕೊಳ್ಳುವಾಗ ನೋಡಬೇಕಾದ್ದು, ಕೊಂಡ ಮೇಲೆ ಮಾಡಬೇಕಾದ್ದು

ರೇಟಿಂಗ್: 5ಕ್ಕೆ 4. ಒಂದು ಅಂಕ ಕಳೆದಿದ್ದು ಕಾಂಪೊಸಿಟ್ ವಿಡಿಯೊಗಾಗಿ, ಅಂದರೆ ಒಂದೇ ತಂತಿಯಲ್ಲಿ ಬರುವ ಚಿತ್ರಕ್ಕಾಗಿ. ಅದರ ಮಾತು ಮುಂದಿದೆ.

ಹಳೆಯ ವಿಡಿಯೊ ಗೇಮ್ ಕನ್ಸೋಲ್ ಒಂದನ್ನು ಮನೆಯಲ್ಲಿಟ್ಟುಕೊಂಡು ಆಗಾಗ ಆಡಬೇಕು, ರಿಪೇರಿಯನ್ನೂ ಆದಷ್ಟು ಮನೆಯಲ್ಲೇ ಮಾಡಿಕೊಳ್ಳಬೇಕು ಅನ್ನುವವರಿಗೆ ನಾನು ಮೊದಲು ಹೇಳುವ ಹೆಸರು ಇದೇ. 1988ರ ಅಕ್ಟೋಬರ್ 29ರಂದು ಜಪಾನಿನಲ್ಲಿ, 1989ರಲ್ಲಿ ಅಮೆರಿಕದಲ್ಲಿ ಜೆನೆಸಿಸ್ ಎಂಬ ಹೆಸರಿನಲ್ಲಿ, 1990ರಲ್ಲಿ ಯುರೋಪಿನಲ್ಲಿ ಬಂದ 16 ಬಿಟ್ ಯಂತ್ರ. ಒಳಗೆ ಮೋಟೊರೋಲಾ 68000 ಪ್ರೊಸೆಸರ್, ಜೊತೆಗೆ ಜೈಲಾಗ್ ಝಡ್80. ತಿರುಗುವ ಮೋಟರ್ ಇಲ್ಲ, ಸವೆಯುವ ಲೇಸರ್ ಇಲ್ಲ, ಬೆಲ್ಟ್ ಇಲ್ಲ. ಅದೇ ಕಂಪನಿಯ ಗೇಮ್ ಗಿಯರ್‌ನಲ್ಲಿ ಕೆಪಾಸಿಟರ್‌ಗಳು ಸೋರಿ ಬೋರ್ಡನ್ನೇ ತಿನ್ನುತ್ತವೆ, ಇದರಲ್ಲಿ ಆ ಕಾಟ ಬಹಳ ಕಡಿಮೆ. ಕವಚ ಕಪ್ಪಾದ್ದರಿಂದ ಸೂಪರ್ ನಿಂಟೆಂಡೊದ ಹಾಗೆ ಹಳದಿಗಟ್ಟುವುದೂ ಇಲ್ಲ.

ನಮ್ಮಲ್ಲಿ ಸಿಗುವ ಯಂತ್ರಗಳು ಹೆಚ್ಚಾಗಿ ಮೂರು ದಾರಿಯಿಂದ ಬಂದವು. ಗಲ್ಫ್ ಅಥವಾ ಸಿಂಗಾಪುರದಿಂದ ಮರಳಿದವರು ತಂದದ್ದು, ಅಮೆರಿಕದ ನೆಂಟರು ತಂದುಕೊಟ್ಟದ್ದು, ಈಗೀಗ ಜಪಾನಿನ ಹರಾಜು ತಾಣಗಳಿಂದ ಮಧ್ಯವರ್ತಿ ಸೇವೆಯ ಮೂಲಕ ತರಿಸಿದ್ದು. ಭಾರತದಲ್ಲಿ ಅಧಿಕೃತವಾಗಿ ಸೆಗಾ ಬಂದದ್ದು 1995ರಲ್ಲಿ, ಶಾ ವಾಲೇಸ್ ಕಂಪನಿಯ ಮೂಲಕ. ಬೆಲೆ 18,000 ರೂಪಾಯಿ. ಆ ಕಾಲಕ್ಕೆ ಅಷ್ಟು ಕೊಟ್ಟು ಕೊಂಡವರು ಕಡಿಮೆ, ಹಾಗಾಗಿ ಬಿಲ್ಲು, ಪೆಟ್ಟಿಗೆ ಸಮೇತ ಸಿಕ್ಕರೆ ಬಿಡಬೇಡಿ.

ಎಲ್ಲಿಂದ ಬಂದ ಯಂತ್ರ ಎಂದು ತಿಳಿಯಲು ಅಡಿಯ ಲೇಬಲ್ ಓದಿ. ಅಲ್ಲಿ ಟಿವಿ ಸಂಕೇತದ ಪದ್ಧತಿ ಬರೆದಿರುತ್ತದೆ. ಪಾಲ್-ಬಿ, ಪಾಲ್-ಜಿ ಎಂದಿದ್ದರೆ ನಮ್ಮ ಹಳೆ ಟಿವಿಯ ಆಂಟೆನಾ ಸಾಕೆಟ್ಟಿಗೆ ನೇರ ಹೊಂದುತ್ತದೆ. ಪಾಲ್-ಐ ಎಂದಿದ್ದರೆ ಅದು ಬ್ರಿಟನ್ ಅಥವಾ ಹಾಂಗ್‌ಕಾಂಗ್ ಕಡೆಯದು. ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ಧ್ವನಿ ಬರುವುದಿಲ್ಲ ಅಥವಾ ಬರೀ ಗುಯ್ ಅನ್ನುತ್ತದೆ. ಪಾಲ್-ಐ ಪದ್ಧತಿಯಲ್ಲಿ ಧ್ವನಿಯ ವಾಹಕ ಚಿತ್ರದಿಂದ 6 ಮೆಗಾಹರ್ಟ್ಸ್ ದೂರ ಇರುತ್ತದೆ, ನಮ್ಮ ಟಿವಿಗಳು ಅದನ್ನು 5.5ರಲ್ಲಿ ಹುಡುಕುತ್ತವೆ. ಇದನ್ನು ತಿಳಿಯದೆ ಎಷ್ಟೋ ಒಳ್ಳೆಯ ಯಂತ್ರಗಳನ್ನು ‘ಸೌಂಡ್ ಹೋಗಿದೆ’ ಎಂದು ಅಗ್ಗಕ್ಕೆ ಮಾರುತ್ತಾರೆ. ಅಂಥದ್ದು ಕಂಡರೆ ಮುಂಭಾಗದ ಹೆಡ್‌ಫೋನ್ ಸಾಕೆಟ್ಟಿಗೆ ಇಯರ್‌ಫೋನ್ ಚುಚ್ಚಿ ಕೇಳಿ. ಅಲ್ಲಿ ಧ್ವನಿ ಇದ್ದರೆ ಯಂತ್ರ ಸರಿಯಾಗಿದೆ.

ಮೊದಲ ಮಾದರಿಯ ಎಲ್ಲ ಬೋರ್ಡುಗಳೂ ಒಂದೇ ಅಲ್ಲ. ಬೋರ್ಡಿನ ಆವೃತ್ತಿಗಳನ್ನು ವಿಎ0, ವಿಎ1 ಹೀಗೆ ಗುರುತಿಸುತ್ತಾರೆ. ವಿಎ0ಯಿಂದ ವಿಎ6ರವರೆಗಿನವು ಧ್ವನಿಗೆ ಹೆಸರಾದವು. ವಿಎ7ರಲ್ಲಿ ಧ್ವನಿಯ ಸರ್ಕ್ಯೂಟನ್ನು ಬದಲಿಸಿದರು, ಅದರಲ್ಲಿ ಬೇಸ್ ಒರಟಾಗಿ, ಮಂಕಾಗಿ ಕೇಳುತ್ತದೆ. ಬಿಚ್ಚದೆಯೇ ಅಂದಾಜು ಮಾಡಲು ಒಂದು ಉಪಾಯವಿದೆ. ಆನ್ ಮಾಡಿದ ಕೂಡಲೇ, ಸೆಗಾ ಲಾಂಛನಕ್ಕೂ ಮೊದಲು, ಪರವಾನಗಿಯ ಒಂದು ಸಾಲು ಪರದೆಯ ಮೇಲೆ ಬಂದರೆ ಅದು ಸಾಮಾನ್ಯವಾಗಿ ವಿಎ6 ಅಥವಾ ಅದರ ನಂತರದ್ದು. ಬರದಿದ್ದರೆ ಹಿಂದಿನ ಬೋರ್ಡು, ಧ್ವನಿಯ ಬಗ್ಗೆ ನಿಶ್ಚಿಂತೆ.

ಈ ಯಂತ್ರವನ್ನು ಕೊಲ್ಲುವುದು ವಯಸ್ಸಲ್ಲ, ಅಡಾಪ್ಟರ್. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಓದಿ.

ಮೊದಲ ಮಾದರಿಗೆ ಬೇಕಾದ್ದು 9ರಿಂದ 10 ವೋಲ್ಟ್ ಡಿಸಿ, 1.2 ಆಂಪಿಯರ್, ಪಿನ್ನಿನ ನಡುಭಾಗ ಋಣ, ಹೊರಸುತ್ತು ಧನ. ಮಾರುಕಟ್ಟೆಯಲ್ಲಿ ಸಿಗುವ ರೌಟರ್, ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್‌ಗಳು ಬಹುತೇಕ ಇದಕ್ಕೆ ತದ್ವಿರುದ್ಧ: ನಡುಭಾಗ ಧನ, ಅದೂ 12 ವೋಲ್ಟ್. ಪಿನ್ ಮಾತ್ರ ಅಳತೆಗೆ ಸರಿಯಾಗಿ ಕೂರುತ್ತದೆ, ಅದೇ ಅಪಾಯ. ಅಮೆರಿಕದ ನಿಂಟೆಂಡೊ ಎನ್‌ಇಎಸ್ ಅಡಾಪ್ಟರ್ ಇನ್ನೂ ಕೆಟ್ಟದ್ದು. ಅದು ಕೊಡುವುದು 9 ವೋಲ್ಟ್ ಎಸಿ. ಎರಡೂ ಕನ್ಸೋಲ್ ಇಟ್ಟುಕೊಂಡವರು ಅಡಾಪ್ಟರ್‌ಗಳ ಮೇಲೆ ಚೀಟಿ ಅಂಟಿಸಲೇಬೇಕು. ಅಮೆರಿಕದ 120 ವೋಲ್ಟಿನ, ಜಪಾನಿನ 100 ವೋಲ್ಟಿನ ಮೂಲ ಅಡಾಪ್ಟರನ್ನು ನಮ್ಮ 230ಕ್ಕೆ ನೇರ ಸಿಕ್ಕಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಬರೀ ಪಿನ್ ಬದಲಿಸುವ ಪ್ಲಗ್ ವೋಲ್ಟೇಜ್ ಇಳಿಸುವುದಿಲ್ಲ.

ಸುಲಭದ ಪರಿಹಾರ ಸಂಗೀತ ವಾದ್ಯದ ಅಂಗಡಿಯಲ್ಲಿದೆ. ಗಿಟಾರ್ ಪೆಡಲ್‌ಗೆ ಮಾರುವ 9 ವೋಲ್ಟ್ ಅಡಾಪ್ಟರ್‌ಗಳಲ್ಲಿ ನಡುಭಾಗ ಋಣವೇ ಇರುತ್ತದೆ. 1.2 ಆಂಪಿಯರ್ ಅಥವಾ ಹೆಚ್ಚು ಎಂದು ಬರೆದಿರುವುದನ್ನು ಆರಿಸಿ. ಕೆಲವು ಪೆಡಲ್ ಅಡಾಪ್ಟರ್‌ಗಳು ಬರೀ 0.3 ಆಂಪಿಯರಿನವು, ಅವು ಸಾಲವು. ಸಿಕ್ಕಿಸುವ ಮೊದಲು ಮಲ್ಟಿಮೀಟರ್‌ನಲ್ಲಿ ಒಮ್ಮೆ ನೋಡಿ: ಕೆಂಪು ಮೊನೆ ಪಿನ್ನಿನ ಒಳಗೆ, ಕಪ್ಪು ಮೊನೆ ಹೊರಗೆ ಇಟ್ಟರೆ ಮೈನಸ್ 9ರ ಆಸುಪಾಸು ತೋರಿಸಬೇಕು. ಎರಡನೆಯ ಮಾದರಿಗೆ ಇದು ಆಗದು. ಅದರ ಪಿನ್ ಸಣ್ಣದು, ನಡುಭಾಗ ಧನ.

12 ವೋಲ್ಟ್ ಕೊಟ್ಟರೂ ಓಡುತ್ತದಲ್ಲ ಅನ್ನುವವರಿಗೆ ಲೆಕ್ಕ ಹೀಗಿದೆ. ಒಳಗೆ 7805 ಎಂಬ ಎರಡು ರೆಗ್ಯುಲೇಟರ್‌ಗಳಿವೆ. ಬಂದ ವೋಲ್ಟೇಜನ್ನು 5ಕ್ಕೆ ಇಳಿಸಿ, ಮಿಕ್ಕದ್ದನ್ನು ಶಾಖವಾಗಿ ಹೊರಹಾಕುವುದು ಅವುಗಳ ಕೆಲಸ. ಒಟ್ಟು ಒಂದು ಆಂಪಿಯರ್ ಎಳೆದರೆ 9 ವೋಲ್ಟಿನಲ್ಲಿ 4 ವ್ಯಾಟ್ ಶಾಖ, 12ರಲ್ಲಿ 7 ವ್ಯಾಟ್. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕೋಣೆಯಲ್ಲಿ ಆ ಮೂರು ವ್ಯಾಟ್ ದೊಡ್ಡ ವ್ಯತ್ಯಾಸ ಮಾಡುತ್ತದೆ. ಅರ್ಧ ಗಂಟೆ ಆಡಿದ ಮೇಲೆ ಪರದೆ ಕಪ್ಪಾಗಿ, ತಣ್ಣಗಾದ ಬಳಿಕ ಮತ್ತೆ ಬರುತ್ತಿದ್ದರೆ ಮೊದಲ ಅನುಮಾನ ಇವುಗಳ ಮೇಲೇ ಇರಲಿ.

ಬಿಚ್ಚುವುದು ಕಷ್ಟವಲ್ಲ. ಅಡಿಯ ಸ್ಕ್ರೂಗಳು ತೆಗೆದರೆ ಮೇಲಿನ ಕವಚ ಏಳುತ್ತದೆ. ಒಳಗಿನ ಲೋಹದ ತಗಡಿಗೆ ಬೇರೆ ಬೇರೆ ಉದ್ದದ ಸ್ಕ್ರೂಗಳಿವೆ, ತೆಗೆಯುವಾಗಲೇ ಕಾಗದದ ಮೇಲೆ ಚಿತ್ರ ಬರೆದು ಆಯಾ ಜಾಗದಲ್ಲಿ ಚುಚ್ಚಿಡಿ. ರೆಗ್ಯುಲೇಟರ್‌ಗಳು ದೊಡ್ಡ ಅಲ್ಯುಮಿನಿಯಂ ಹೀಟ್‌ಸಿಂಕಿಗೆ ಬಿಗಿದಿರುತ್ತವೆ. ನಡುವಿನ ಬಿಳಿ ಪೇಸ್ಟ್ ಈ ವಯಸ್ಸಿಗೆ ಸುಣ್ಣದ ಹಾಗೆ ಒಣಗಿ ಉದುರುತ್ತಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಹೊಸ ಪೇಸ್ಟನ್ನು ತೆಳ್ಳಗೆ ಸವರಿ. ಆನ್ ಮಾಡಿ ಎರಡರ ಮೂರನೆಯ ಕಾಲಿನಲ್ಲೂ ಅಳೆಯಿರಿ: 4.75ರಿಂದ 5.25ರೊಳಗೆ ಇರಬೇಕು. ಒಂದರಲ್ಲಿ ಮಾತ್ರ ಸೊನ್ನೆ ಬಂದರೆ ಅರ್ಧ ಬೋರ್ಡಿಗೆ ಪೂರೈಕೆ ಇಲ್ಲ, ಕೆಂಪು ದೀಪ ಉರಿದರೂ ಪರದೆ ಕಪ್ಪಗೇ ಇರಬಹುದು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲೂ 7805 ಸಿಗುತ್ತದೆ. ಬೆಸುಗೆ ಬಿಚ್ಚುವ ಮುನ್ನ ಅಡಾಪ್ಟರ್ ಸಾಕೆಟ್ಟಿನ ಕಾಲುಗಳನ್ನೂ ಭೂತಗನ್ನಡಿಯಲ್ಲಿ ನೋಡಿ. ಕಾಲಿನ ಸುತ್ತ ಉಗುರಿನ ಗೀರಿನಷ್ಟು ಕಪ್ಪು ಉಂಗುರ ಕಂಡರೆ ಬೆಸುಗೆ ಬಿರುಕು ಬಿಟ್ಟಿದೆ. ವೈರ್ ಅಲುಗಿದಾಗ ಆಟ ರೀಸೆಟ್ ಆಗುವುದು ಇದರಿಂದಲೇ.

ಕೆಪಾಸಿಟರ್ ಬದಲಿಸುವ ಬಗ್ಗೆ ನನ್ನ ಅಭಿಪ್ರಾಯ: ಧ್ವನಿಯಲ್ಲಿ ಗೊರಗೊರ, ಚಿತ್ರದಲ್ಲಿ ಅಲೆ ಇಲ್ಲದಿದ್ದರೆ ಕೈಹಚ್ಚಬೇಡಿ. ಬದಲಿಸಲೇಬೇಕಾದರೆ ಬೋರ್ಡಿನಲ್ಲಿರುವ ಮೈಕ್ರೋಫ್ಯಾರಡ್ ಬೆಲೆಯನ್ನೇ ಹಾಕಿ, ವೋಲ್ಟೇಜ್ ಸಮ ಅಥವಾ ಹೆಚ್ಚು, 105 ಡಿಗ್ರಿಯವು. ಒಂದು ತೆಗೆದು ಒಂದು ಹಾಕಿ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಧ್ರುವ ತಪ್ಪುತ್ತದೆ.

ಆಟ ತುಂಬಿದ ಡಬ್ಬಿಯನ್ನು, ಅಂದರೆ ಕಾರ್ಟ್ರಿಜ್ಜನ್ನು, ಸಿಕ್ಕಿಸುವ ಸಾಕೆಟ್ಟಿನಲ್ಲಿ 64 ಸ್ಪ್ರಿಂಗ್ ಹಲ್ಲುಗಳಿವೆ. ಆಟ ಶುರುವಾಗದಿದ್ದರೆ ಬಾಯಿಂದ ಊದುವುದು ಹಳೆಯ ಅಭ್ಯಾಸ. ದಯವಿಟ್ಟು ಬಿಡಿ. ಆ ತೇವದಿಂದ ತಾಮ್ರಕ್ಕೆ ಕಿಲುಬು ಹಿಡಿಯುತ್ತದೆ. ತಕ್ಷಣ ಕೆಲಸ ಮಾಡಿದಂತೆ ಕಾಣುವುದು ಮತ್ತೊಮ್ಮೆ ತೆಗೆದು ಹಾಕಿದ್ದರಿಂದ. ಕಾರ್ಟ್ರಿಜ್ಜಿನ ಅಂಚನ್ನು 99 ಶೇಕಡ ಐಸೊಪ್ರೊಪೈಲ್ ಅದ್ದಿದ ಹತ್ತಿಕಡ್ಡಿಯಿಂದ, ಹಲ್ಲುಗಳ ಉದ್ದಕ್ಕೇ, ಹತ್ತಿ ಬೆಳ್ಳಗೆ ಬರುವವರೆಗೆ ಒರೆಸಿ. ಮೊದಲ ಕಡ್ಡಿ ಕಡುಕಪ್ಪಾಗಿ ಬರುತ್ತದೆ, ಗಾಬರಿ ಬೇಡ. ಉಪ್ಪುಕಾಗದ ಮುಟ್ಟಲೇಬೇಡಿ, ಮೇಲಿನ ಲೇಪ ಹೋದರೆ ಮುಗಿಯಿತು. ಸಾಕೆಟ್ಟಿಗೆ ದಪ್ಪ ರಟ್ಟಿಗೆ ನೂಲು ಉದುರದ ಬಟ್ಟೆ ಸುತ್ತಿ, ಅದೇ ದ್ರವದಲ್ಲಿ ನೆನೆಸಿ ನಾಲ್ಕಾರು ಬಾರಿ ಒಳಗೆ ಹೊರಗೆ ಆಡಿಸಿ. ಪೂರ್ತಿ ಒಣಗಲು ಬಿಟ್ಟು ಆಮೇಲೆ ಆನ್ ಮಾಡಿ.

ನಕಲಿ ಕಾರ್ಟ್ರಿಜ್ ನಮ್ಮಲ್ಲಿ ಹೇರಳ. 3.8 ಮಿಲಿಮೀಟರ್ ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂಡ್ರೈವರ್ ಮೊನೆ ಬಳಸಿ ಬಿಚ್ಚಿದರೆ ಸತ್ಯ ಕಾಣುತ್ತದೆ. ಸೆಗಾದ ಅಸಲಿ ಬೋರ್ಡಿನಲ್ಲಿ ಕಂಪನಿಯ ಹೆಸರು, ಇಸವಿ, 171ರಿಂದ ಶುರುವಾಗುವ ಸಂಖ್ಯೆ ಇರುತ್ತದೆ. ನಕಲಿಯಲ್ಲಿ ಹೆಚ್ಚಾಗಿ ಚಿಪ್ಪಿನ ಜಾಗದಲ್ಲಿ ಕಪ್ಪು ಅಂಟಿನ ಗುಪ್ಪೆ. ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ಕಾರ್ಟ್ರಿಜ್ಜುಗಳ ಆಕಾರವೂ ಬೋರ್ಡೂ ಬೇರೆ, ಪಕ್ಕದಲ್ಲಿ ಹಳದಿ ಪಟ್ಟಿ ಇರುತ್ತದೆ, ಅದನ್ನು ನಕಲಿ ಅಂದುಕೊಳ್ಳಬೇಡಿ.

ಫ್ಯಾಂಟಸಿ ಸ್ಟಾರ್ 4, ಶೈನಿಂಗ್ ಫೋರ್ಸ್, ಲ್ಯಾಂಡ್‌ಸ್ಟಾಕರ್ ಇಂಥ ಉದ್ದದ ಆಟಗಳು ಆಟಗಾರನ ಪ್ರಗತಿಯನ್ನು ಒಳಗಿನ ಬ್ಯಾಟರಿಯ ಬಲದಲ್ಲಿ ಕಾಯುತ್ತವೆ. ಸೋನಿಕ್ 3ಕ್ಕೆ ಬ್ಯಾಟರಿಯೇ ಬೇಡ, ಅದರದು ಬೇರೆ ಬಗೆಯ ಮೆಮೊರಿ. ಬ್ಯಾಟರಿ 2.5 ವೋಲ್ಟಿಗಿಂತ ಕೆಳಗಿಳಿದಿದ್ದರೆ ಬದಲಿಸಿ. ಸಿಆರ್ 2032 ಬಹಳ ಕಡೆ ಹೊಂದುತ್ತದೆ, ಆದರೂ ಹಳೆಯದರ ಮೇಲಿನ ಸಂಖ್ಯೆ ನೋಡಿಕೊಳ್ಳಿ. ಲೋಹದ ಪಟ್ಟಿ ಸೇರಿಸಿಯೇ ಬರುವ ಸೆಲ್ ತನ್ನಿ. ಬರೀ ಸೆಲ್ಲಿನ ಮೇಲೆ ನೇರ ಬೆಸುಗೆ ಹಾಕಿದರೆ ಬಿಸಿಗೆ ಅದು ಉಬ್ಬಿ ಸಿಡಿಯಬಹುದು. ಹಳೆಯದನ್ನು ತೆಗೆದ ಕ್ಷಣ ಉಳಿಸಿದ ಆಟ ಹೋಗುತ್ತದೆ, ಬೇಕಿದ್ದರೆ ಕಾರ್ಟ್ರಿಜ್ ಓದುವ ಸಾಧನದಿಂದ ಮೊದಲೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ.

ಕಂಟ್ರೋಲರ್ ಕೆಟ್ಟರೆ ಗುಂಡಿಗಳ ವರ್ತನೆಯೇ ರೋಗ ಹೇಳುತ್ತದೆ. ಕನ್ಸೋಲ್ 7ನೆಯ ಪಿನ್ನನ್ನು ಮೇಲೆ ಕೆಳಗೆ ಮಾಡುತ್ತಾ ಒಂದು ಸಲ ಬಿ, ಸಿ ಗುಂಡಿಗಳನ್ನೂ ಇನ್ನೊಂದು ಸಲ ಎ, ಸ್ಟಾರ್ಟ್ ಗುಂಡಿಗಳನ್ನೂ ಅದೇ ಎರಡು ತಂತಿಗಳಲ್ಲಿ ಓದುತ್ತದೆ. ಹಾಗಾಗಿ ಎ, ಸ್ಟಾರ್ಟ್ ಎರಡೂ ಸತ್ತು, ಸಿ ಒತ್ತಿದಾಗ ಆಟ ನಿಲ್ಲುತ್ತಿದ್ದರೆ ತುಂಡಾಗಿರುವುದು 7ನೆಯ ತಂತಿ. ಒಂದು ದಿಕ್ಕು ಮಾತ್ರ ಹೋಗಿದ್ದರೆ 1ರಿಂದ 4ರವರೆಗಿನ ತಂತಿಗಳಲ್ಲೊಂದು ಅಥವಾ ರಬ್ಬರಿನ ಕರಿ ಚುಕ್ಕೆ. ತಂತಿ ತುಂಡಾಗುವುದು ಬಹುತೇಕ ಕವಚದ ಬಾಯಲ್ಲಿ, ಕೇಬಲ್ ಮಡಚುವ ಕಡೆ. ಅಲ್ಲಿಗೆ ಐದಾರು ಸೆಂಟಿಮೀಟರ್ ಕತ್ತರಿಸಿ ಮತ್ತೆ ಬೆಸೆದರೆ ಸಾಕು. ಕರಿ ಚುಕ್ಕೆಯನ್ನು ಉಜ್ಜಬೇಡಿ, ಮೃದುವಾಗಿ ಒರೆಸಿ. ಆರು ಗುಂಡಿಯ ಕಂಟ್ರೋಲರ್ ಕೆಲವು ಹಳೆ ಆಟಗಳಿಗೆ ಒಗ್ಗದು, ಮೋಡ್ ಗುಂಡಿ ಒತ್ತಿ ಹಿಡಿದು ಆನ್ ಮಾಡಿದರೆ ಮೂರು ಗುಂಡಿಯದರಂತೆ ನಡೆಯುತ್ತದೆ.

ಇನ್ನು ವಿಡಿಯೊ. ಸೋನಿಯ ಸಿಎಕ್ಸ್‌ಎ1145 ಚಿಪ್ ಕೊಡುವ ಕಾಂಪೊಸಿಟ್ ಚಿತ್ರದಲ್ಲಿ ಕಾಮನಬಿಲ್ಲಿನ ಪಟ್ಟೆಗಳು, ನೀಲಿ ಆಕಾಶದ ಮೇಲೆ ಲಂಬ ಗೆರೆಗಳು. ಯಾವ ಕೇಬಲ್ ಹಾಕಿದರೂ ಇದು ಪೂರ್ತಿ ಹೋಗುವುದಿಲ್ಲ. ಆದರೆ ಹಿಂದಿನ 8 ಪಿನ್ನಿನ ಸಾಕೆಟ್ಟಿನಲ್ಲೇ ಅಚ್ಚುಕಟ್ಟಾದ ಆರ್‌ಜಿಬಿ, ಅಂದರೆ ಕೆಂಪು, ಹಸಿರು, ನೀಲಿ ಬೇರೆ ಬೇರೆ ತಂತಿಯಲ್ಲಿ ಬರುವ ಚಿತ್ರ, ಸಿಗುತ್ತದೆ. ಅದನ್ನು ತೆಗೆದುಕೊಳ್ಳುವ, ಯುರೋಪಿನ ಟಿವಿಗಳ ಸ್ಕಾರ್ಟ್ ಸಾಕೆಟ್ ನಮ್ಮ ಟಿವಿಗಳಲ್ಲಿ ಇಲ್ಲದ್ದರಿಂದ ಆರ್‌ಜಿಬಿಯನ್ನು ಮೂರು ತಂತಿಯ ಕಾಂಪೊನೆಂಟ್‌ಗೆ ಬದಲಿಸುವ ಕೇಬಲ್ ತರಿಸಿ, ದೊಡ್ಡ ಸಿಆರ್‌ಟಿ (ಹಳೆಯ ಪಿಕ್ಚರ್ ಟ್ಯೂಬಿನ) ಟಿವಿಗೆ ಹಾಕುವುದು ನನಗೆ ಅತ್ಯುತ್ತಮ ಎನಿಸಿದ ದಾರಿ. ಹೊಸ ಟಿವಿಗಾದರೆ ಹಳೆಯ ಚಿತ್ರವನ್ನು ಅದಕ್ಕೆ ಹೊಂದಿಸುವ ಓಎಸ್‌ಎಸ್‌ಸಿ ಅಥವಾ ರೆಟ್ರೊಟಿಂಕ್ ಸಾಧನ. ಅಗ್ಗದ ಸ್ಕಾರ್ಟ್-ಎಚ್‌ಡಿಎಂಐ ಡಬ್ಬಿಗಳು ಚಿತ್ರವನ್ನು ತಪ್ಪಾಗಿ ಓದಿ ತಡವೂ ಮಾಡುತ್ತವೆ, ಸೋನಿಕ್ ಆಡುವಾಗ ಗೊತ್ತಾಗಿಬಿಡುತ್ತದೆ. ಯಂತ್ರದ ಹಿಂದಿನ ಸಾಕೆಟ್ಟಿನಲ್ಲಿ ಧ್ವನಿ ಮೋನೊ ಮಾತ್ರ, ಸ್ಟೀರಿಯೊ ಬೇಕಾದರೆ ಹೆಡ್‌ಫೋನ್ ಸಾಕೆಟ್ಟಿನಿಂದ ತೆಗೆಯಿರಿ. ಅದರ ಧ್ವನಿ ಹೆಚ್ಚು ಕಡಿಮೆ ಮಾಡುವ ಜಾರುಗುಂಡಿ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಇಪ್ಪತ್ತು ಬಾರಿ ಆಚೀಚೆ ಸರಿಸಿ.

ಪಾಲ್ ಯಂತ್ರದಲ್ಲಿ 50 ಹರ್ಟ್ಸ್ ಕಾರಣಕ್ಕೆ ಬಹಳಷ್ಟು ಆಟಗಳು ಸುಮಾರು 17 ಶೇಕಡ ನಿಧಾನ. ಬೋರ್ಡಿನ ಜೆಪಿ3, ಜೆಪಿ4 ಎಂಬ ಜಂಪರ್‌ಗಳ (ಆಯ್ಕೆಯ ಜೋಡಣೆಗಳ) ಜಾಗದಲ್ಲಿ ಸ್ವಿಚ್ ಹಾಕಿ 60ಕ್ಕೆ ಏರಿಸಬಹುದು. ಆಗ ಕಾಂಪೊಸಿಟ್‌ನಲ್ಲಿ ಕೆಲವು ಟಿವಿಗಳು ಕಪ್ಪುಬಿಳುಪು ತೋರಿಸುತ್ತವೆ, ಆರ್‌ಜಿಬಿ, ಕಾಂಪೊನೆಂಟ್‌ಗೆ ಆ ತೊಂದರೆಯಿಲ್ಲ.

ಕರಾವಳಿ, ಮಲೆನಾಡಿನವರಿಗೆ ಮಳೆಗಾಲದ ಮಾತು. ಆಡದಿದ್ದರೂ ವಾರಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ, ಒಳಗಿನ ಶಾಖವೇ ತೇವ ಓಡಿಸುತ್ತದೆ. ಕಾರ್ಟ್ರಿಜ್ಜುಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಬಣ್ಣ ಬದಲಿಸುವ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ತಿರುಗಿದ ಕೂಡಲೇ ಒಲೆಯಲ್ಲಿ ಒಣಗಿಸಿ ಮತ್ತೆ ಹಾಕಿ. ಲೇಬಲ್ಲಿಗೆ ಬೂಷ್ಟು ಬಂದರೆ ಒಣ ಬಟ್ಟೆಯಿಂದಷ್ಟೇ ಒರೆಸಿ. ಸಾಕೆಟ್ಟಿನ ಬಾಯಿಗೆ ಸದಾ ಒಂದು ಕಾರ್ಟ್ರಿಜ್ ಅಥವಾ ರಟ್ಟು ಇರಲಿ, ಬೆಚ್ಚಗಿನ ಪೆಟ್ಟಿಗೆಯೊಳಗೆ ಜಿರಲೆ ಹೋಗುವುದು ಅಲ್ಲಿಂದಲೇ, ಅದರ ಹಿಕ್ಕೆ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಯಂತ್ರದ ಮೇಲೆ ಬಟ್ಟೆ ಹೊದಿಸುವುದಾದರೆ ಆಟ ಮುಗಿದು ಹೀಟ್‌ಸಿಂಕ್ ಆರಿದ ಮೇಲೆ ಹೊದಿಸಿ, ಅಡಾಪ್ಟರನ್ನು ಗೋಡೆಯಿಂದಲೇ ಕಿತ್ತಿಡಿ.