ಹಳೆಯ ಡಿಟಿಪಿ ತಂತ್ರಾಂಶಗಳಿಗೆ ಕೋರ್ ಐ3-12100: ಗದಗದ ಮುದ್ರಣಾಲಯವೊಂದರ ಅನುಭವ

ಮುದ್ರಣ ಕಾಶಿ ಎಂದೇ ಹೆಸರಾದ ಗದಗದಲ್ಲಿ ಪುಟವಿನ್ಯಾಸದ ಹಳೆಯ ತಂತ್ರಾಂಶ ಪೇಜ್‌ಮೇಕರ್ 7 ಮತ್ತು ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳನ್ನು ಇಂದಿಗೂ ಬಿಡಲಾಗದ ಮುದ್ರಣಾಲಯಗಳಲ್ಲಿ ನಮ್ಮದೂ ಒಂದು. ಮರುಮುದ್ರಣಕ್ಕೆ ಬರುವ ಪುಸ್ತಕಗಳ ಕಡತಗಳು ಪೇಜ್‌ಮೇಕರ್‌ನಲ್ಲಿಯೇ ಇವೆ. ಆ ತಂತ್ರಾಂಶಕ್ಕೆ ಯೂನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗಿರುವ ಈಗಿನ ಸಾಮಾನ್ಯ ಸಂಕೇತ ಪದ್ಧತಿ, ತಿಳಿಯದು; ಹಾಗಾಗಿ ಹಳೆಯ ಫಾಂಟುಗಳೇ ಬೇಕು. ಇದೇ ಕೆಲಸವನ್ನು ಪೆಂಟಿಯಂ 4, ಕೋರ್ 2 ಡ್ಯುಯೊ, ಈಗ ಇಂಟೆಲ್ ಕೋರ್ ಐ3-12100, ಹೀಗೆ ಮೂರು ತಲೆಮಾರಿನ ಪ್ರೊಸೆಸರ್‌ಗಳ ಮೇಲೆ ವರ್ಷಗಟ್ಟಲೆ ಮಾಡಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಗಿಗಾಹರ್ಟ್ಸ್ ಸಂಖ್ಯೆಯನ್ನು, ಅಂದರೆ ಪ್ರೊಸೆಸರ್‌ನ ಗಡಿಯಾರದ ವೇಗವನ್ನು, ಮಾತ್ರ ನೋಡಿ ಕಂಪ್ಯೂಟರ್ ಕೊಳ್ಳಬಾರದೆಂಬುದು ನನಗೆ ಮನವರಿಕೆಯಾದದ್ದು ಮೊದಲ ಬದಲಾವಣೆಯಲ್ಲಿಯೇ. 3 ಗಿಗಾಹರ್ಟ್ಸ್‌ನ ಪೆಂಟಿಯಂ 4ಕ್ಕಿಂತ 2.93 ಗಿಗಾಹರ್ಟ್ಸ್‌ನ ಕೋರ್ 2 ಡ್ಯುಯೊ ಅದೇ ಕಡತದ ಪುಟಗಳನ್ನು ಎದ್ದು ಕಾಣುವಷ್ಟು ಬೇಗ ಜೋಡಿಸುತ್ತಿತ್ತು. ಪೇಜ್‌ಮೇಕರ್‌ನ ಈ ಕೆಲಸ ಒಂದೇ ಕೋರ್ (ಪ್ರೊಸೆಸರ್‌ನೊಳಗಿನ ಸ್ವತಂತ್ರ ಲೆಕ್ಕದ ಘಟಕ) ಮೇಲೆ ನಡೆಯುವುದರಿಂದ ಎರಡನೆಯ ಕೋರ್ ಅದಕ್ಕೆ ಕಾರಣವಲ್ಲ. ಕಾರಣ ಒಳಗಿನ ವಿನ್ಯಾಸ. 2004ರ ಪ್ರೆಸ್ಕಾಟ್ ಮಾದರಿಯ ಪೆಂಟಿಯಂ 4ರಲ್ಲಿ ಪೈಪ್‌ಲೈನ್, ಅಂದರೆ ಪ್ರತಿ ಆದೇಶ ಒಂದರ ನಂತರ ಒಂದರಂತೆ ಹಾದುಹೋಗುವ ಹಂತಗಳ ಸಾಲು, 31 ಹಂತಗಳಷ್ಟು ಉದ್ದವಿತ್ತು, 2006ರಲ್ಲಿ ಬಂದ ಕೋರ್ ವಿನ್ಯಾಸದಲ್ಲಿ ಅದು 14 ಹಂತಗಳಿಗೆ ಇಳಿಯಿತು. ಸಾಲು ಎಲ್ಲಿ ಮುರಿಯಬೇಕು, ಪದ ಮುಂದಿನ ಅಂಕಣಕ್ಕೆ ಹೋಗಬೇಕೇ ಎಂದು ತಂತ್ರಾಂಶ ಹೆಜ್ಜೆಹೆಜ್ಜೆಗೂ ನಿರ್ಧರಿಸುತ್ತದೆ; ಪ್ರೊಸೆಸರ್ ಆ ನಿರ್ಧಾರವನ್ನು ಮೊದಲೇ ಊಹಿಸಿ ಮುಂದೆ ಸಾಗುತ್ತದೆ. ತಪ್ಪು ಪ್ಲೇಟ್ ಬೈಂಡಿಂಗ್ ಹಂತದಲ್ಲಿ ಪತ್ತೆಯಾದರೆ ಅಲ್ಲಿಯವರೆಗೆ ಅಚ್ಚಾದ ಹಾಳೆಗಳೆಲ್ಲ ರದ್ದಿಗೆ ಹೋಗುವಂತೆ, ಊಹೆ ತಪ್ಪಿದಾಗ ಪೈಪ್‌ಲೈನ್ ಉದ್ದವಿದ್ದಷ್ಟೂ ವ್ಯರ್ಥವಾಗುವ ಕೆಲಸ ಹೆಚ್ಚು.

ಐ3-12100ರಲ್ಲಿ ನಾಲ್ಕು ಕೋರ್‌ಗಳಿವೆ, ಗರಿಷ್ಠ ವೇಗ 4.3 ಗಿಗಾಹರ್ಟ್ಸ್. ನಮಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಏಕಕಾಲಕ್ಕೆ ಹೆಚ್ಚು ಆದೇಶಗಳನ್ನು ನಡೆಸಬಲ್ಲ ಪ್ರತಿ ಕೋರ್‌ನ ಅಗಲವಾದ ವಿನ್ಯಾಸ, ಉತ್ತಮ ಊಹೆ ಮತ್ತು 12 ಎಂಬಿಯ ಎಲ್3 ಕ್ಯಾಶ್ (ಪ್ರೊಸೆಸರ್‌ನೊಳಗೇ ಇರುವ ವೇಗದ ಮೆಮೊರಿ). ದಪ್ಪ ಪುಸ್ತಕದ ಮೊದಲ ಅಧ್ಯಾಯದಲ್ಲಿ ಒಂದು ಪ್ಯಾರಾ ಸೇರಿಸಿದರೂ ಕೊನೆಯವರೆಗಿನ ಪುಟಗಳು ಕಾಯಿಸದೆ ಸರಿದುಕೊಳ್ಳುತ್ತವೆ. ಪ್ರೂಫ್ ತಿದ್ದುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನವಿಲ್ಲ.

ವಿಂಡೋಸ್‌ಗಿಂತ ಮುಂಚಿನ ಡಾಸ್ ಕಾಲದ ಕಾರ್ಯಕ್ರಮಗಳ ಮಾತು ಬೇರೆ. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಕಾರ್ಯಕ್ರಮಗಳು ನೇರವಾಗಿ ನಡೆಯುವುದಿಲ್ಲ. ನಮ್ಮ ಕಾಗದದ ಅಂದಾಜು ಲೆಕ್ಕದ ಕಾರ್ಯಕ್ರಮವನ್ನು (ಟರ್ಬೊ ಪ್ಯಾಸ್ಕಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ತಂತ್ರಾಂಶದಲ್ಲಿ ಬರೆದದ್ದು) ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್‌ಬಾಕ್ಸ್‌ನಲ್ಲಿ ನಡೆಸುತ್ತೇವೆ. ಇಂತಹ ಕಾರ್ಯಕ್ರಮಗಳಿಗೆ ವೇಗವೇ ತೊಡಕಾಗಬಹುದು: ಕಾಲವಿಳಂಬ ಅಳೆಯಲು ಅವು ಆರಂಭದಲ್ಲಿ ಮಾಡುವ ಎಣಿಕೆ ವೇಗದ ಪ್ರೊಸೆಸರ್‌ನಲ್ಲಿ 16 ಬಿಟ್‌ಗಳ ಮಿತಿ ಮೀರುತ್ತದೆ, ಆಗ ‘ರನ್‌ಟೈಮ್ ಎರರ್ 200’ ಬಂದು ಕಾರ್ಯಕ್ರಮ ನಿಂತುಬಿಡುತ್ತದೆ. ಡಾಸ್‌ಬಾಕ್ಸ್‌ನಲ್ಲಿ ವೇಗ ನಿಗದಿಪಡಿಸುವ ಸೈಕಲ್ಸ್ ಸಂಖ್ಯೆಯನ್ನು ಕಡಿಮೆ ಮಾಡಿಟ್ಟರೆ ಈ ತೊಂದರೆ ಇರುವುದಿಲ್ಲ.

ಇದೇ ಬಗೆಯ ಕೆಲಸವಿರುವವರು ಹೆಚ್ಚು ಕೋರ್‌ಗಳಿಗೆ ಹಣ ಸುರಿಯುವುದು ಬೇಡ, ಒಂದು ಕೋರ್‌ನ ಸಾಮರ್ಥ್ಯ ನೋಡಲಿ. 32 ಬಿಟ್ ತಂತ್ರಾಂಶಕ್ಕೆ ಸಾಮಾನ್ಯವಾಗಿ 2 ಜಿಬಿಗಿಂತ ಹೆಚ್ಚು ಮೆಮೊರಿ ದಕ್ಕದ ಕಾರಣ 32 ಜಿಬಿ ರ‍್ಯಾಮ್ ಕೂಡ ಅನಗತ್ಯ. ಆ ಹಣದಲ್ಲಿ ಒಳ್ಳೆಯ ಎಸ್‌ಎಸ್‌ಡಿ ಹಾಕಿಸಬಹುದು. ಇಂಟೆಲ್‌ಗಿಂತ ಬೇರೆ ಬಗೆಯ ಆದೇಶಗಳ ಆರ್ಮ್ ಪ್ರೊಸೆಸರ್‌ನ ಹೊಸ ಲ್ಯಾಪ್‌ಟಾಪ್‌ಗಳು ಹಳೆಯ ತಂತ್ರಾಂಶದ ಆದೇಶಗಳನ್ನು ತಮ್ಮ ಆದೇಶಗಳಿಗೆ ಮಾರ್ಪಡಿಸಿಕೊಂಡು ನಡೆಸಬೇಕಾಗುತ್ತದೆ. ಆದ್ದರಿಂದ ಅವನ್ನು ಕೊಳ್ಳುವವರು ತಮ್ಮ ಅತಿ ದೊಡ್ಡ ಕಡತವನ್ನು ಅಂಗಡಿಯಲ್ಲಿಯೇ ತೆರೆದು, ಪುಟ ಸರಿಸಿ ನೋಡಿ ತೀರ್ಮಾನಿಸಲಿ.