ದೊಡ್ಡ ಅಂಗಡಿ ಎದ್ದುಹೋದ ಕಾಂಪ್ಲೆಕ್ಸ್‌ಗೆ ನನ್ನ 2 ಸ್ಟಾರ್

5ಕ್ಕೆ 2 ಸ್ಟಾರ್ ಕೊಡುತ್ತಿದ್ದೇನೆ. ಒಂದು ವಾಚ್‌ಮನ್‌ಗೆ, ಇನ್ನೊಂದು ಮೊದಲ ಮಹಡಿಗೆ ಬೀಸುವ ಸಮುದ್ರದ ಗಾಳಿಗೆ. ಬಿಲ್ಡರ್‌ಗೆ ಏನೂ ಇಲ್ಲ. ಕಾಂಪ್ಲೆಕ್ಸ್ ಹೆಸರು ಹಾಕುವುದಿಲ್ಲ. ನನ್ನ 2 ಲಕ್ಷ ಡೆಪಾಸಿಟ್ ಇನ್ನೂ ಅವರ ಹತ್ತಿರವೇ ಇದೆ, ಅರ್ಥ ಮಾಡಿಕೊಳ್ಳಿ.

ನನ್ನದು ಸೀರೆಗೆ ಫಾಲ್-ಪಿಕೋ, ಜೊತೆಗೆ ಮ್ಯಾಚಿಂಗ್ ಬ್ಲೌಸ್ ಪೀಸ್. ಮೊದಲು ಕಾರವಾರ ಮಾರ್ಕೆಟ್ಟಿನ ಓಣಿಯಲ್ಲಿ ಸಣ್ಣ ಅಂಗಡಿ ಇತ್ತು, ಬಾಡಿಗೆ 5,500. ಇಲ್ಲಿ 180 ಚದರಡಿಗೆ ಅಡಿಗೆ 70ರಂತೆ 12,600. ಮೆಂಟೆನೆನ್ಸ್ 1,620 ಬೇರೆ, ಅದರ ಮೇಲೆ 18% ಜಿಎಸ್‌ಟಿ. ಎರಡು ಪಟ್ಟಿಗಿಂತ ಜಾಸ್ತಿ ಕೊಡಲು ಯಾಕೆ ಒಪ್ಪಿದೆ ಅಂದರೆ, ಕೆಳಗೆ ಆ ದೊಡ್ಡ ಅಂಗಡಿ ಇತ್ತು. ಬಟ್ಟೆ, ಕಿರಾಣಿ, ಬಕೆಟ್ಟು, ಎಲ್ಲ ಒಂದೇ ಕಡೆ. "ಕೆಳಗೆ ಬಂದವರೆಲ್ಲ ಮೇಲೆ ಬಂದೇ ಬರ್ತಾರೆ ಮೇಡಂ" ಅಂದಿದ್ದರು ಬಿಲ್ಡರ್ ಆಫೀಸಿನವರು.

ಸುಳ್ಳೇನೂ ಹೇಳಿರಲಿಲ್ಲ. ತಿಂಗಳ ಮೊದಲ ವಾರ ಮಲ್ಲಾಪುರದ ಕೈಗಾ ಟೌನ್‌ಶಿಪ್‌ನಿಂದ, ಅಮದಳ್ಳಿ ಕಡೆಯ ನೇವಿ ಕ್ವಾರ್ಟರ್ಸ್‌ನಿಂದ ಜನ ಬರುತ್ತಿದ್ದರು. ಕೆಳಗೆ ಸೀರೆ ಕೊಂಡು, ಕವರ್ ಸಮೇತ ಸೀದಾ ನನ್ನ ಹತ್ತಿರ. ನಾನು ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಒಳ್ಳೆಯ ಶನಿವಾರ 22 ಸೀರೆ. ಮಾರ್ಕೆಟ್ಟಿನಲ್ಲಿ ಅಷ್ಟು ಸೀರೆಗೆ ನಾಲ್ಕು ದಿನ ಬೇಕಿತ್ತು.

ಆದರೆ ಕಟ್ಟಡದ ಕಥೆಯೇ ಬೇರೆ. ಪ್ಲಾನ್‌ನಲ್ಲಿ 9 ಮಹಡಿ. ಕೆಳಗೆ ಅಂಗಡಿಗಳು, ಮೇಲೆ ಫ್ಲ್ಯಾಟ್‌ಗಳು. 6ನೇ ಸ್ಲ್ಯಾಬ್ ಹಾಕಿ ಕೆಲಸ ನಿಂತಿತು, ಪಾಲುದಾರರ ಜಗಳ ಅಂತ ಸುದ್ದಿ. ಒಮ್ಮೆ ಗಾಳಿ ತಗೊಳ್ಳಲು ಮೇಲೆ ಹೋಗಿದ್ದೆ. ಕಂಬಗಳಿಂದ ಹೊರಗೆ ಬಿಟ್ಟ ಕಬ್ಬಿಣದ ಸರಳನ್ನು ಹಿಡಿದುಕೊಂಡರೆ ತುಕ್ಕು ಪದರ ಪದರವಾಗಿ ಕೈಗೆ ಬಂತು, ಹಪ್ಪಳದ ಚೂರಿನ ಹಾಗೆ. ಉಪ್ಪು ಗಾಳಿಯಲ್ಲಿ ಬರೀ ಕಬ್ಬಿಣ ಬಿಟ್ಟರೆ ಮತ್ತೇನಾಗುತ್ತದೆ? ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಬೀಳುವ ಊರು ಬೇರೆ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಜೂನ್‌ನಿಂದ ಮೊಣಕಾಲುದ್ದ ನೀರು, ಹಗಲು ರಾತ್ರಿ ಪಂಪ್. ದೊಡ್ಡ ಅಂಗಡಿಯ ಲಾರಿ ಕೆಳಗೆ ಇಳಿಯಲಾಗದೆ ರಸ್ತೆಯಲ್ಲೇ ಮಾಲು ಇಳಿಸುತ್ತಿತ್ತು, ಪೊಲೀಸರು ಬಂದು ಬೈಯುತ್ತಿದ್ದರು.

ಅದಕ್ಕಿಂತ ದೊಡ್ಡ ತೊಂದರೆ ಓಸಿಯದ್ದು. ಓಸಿ ಅಂದರೆ ಆಕ್ಯುಪೆನ್ಸಿ ಸರ್ಟಿಫಿಕೇಟು, ಕಟ್ಟಡ ಪ್ಲಾನ್ ಪ್ರಕಾರ ಮುಗಿದಿದೆ, ಜನ ಇರಬಹುದು ಅನ್ನುವ ಕಾಗದ. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟ್, ನೀರಿನ ಕನೆಕ್ಷನ್ ಕೊಡಬಾರದು ಅಂತ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲ್ಲಿ ಕಟ್ಟಡ ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಕನೆಕ್ಷನ್ನೇ ಎಲ್ಲರಿಗೂ. ಯೂನಿಟ್‌ಗೆ ದರ ಜಾಸ್ತಿ. ಮಧ್ಯಾಹ್ನ ದೊಡ್ಡ ಅಂಗಡಿಯ ಎಸಿ ಶುರುವಾದರೆ ನನ್ನ ಪಿಕೋ ಮಷಿನ್ ಉಸಿರು ಕಟ್ಟಿದ ಹಾಗೆ ನಿಧಾನ ಆಗುತ್ತಿತ್ತು. ಎಸ್ಕಲೇಟರ್ ಅಂತೂ ಶುರುವಿನ ಎರಡು ತಿಂಗಳು ಓಡಿತು, ಆಮೇಲೆ ಬರೀ ಮೆಟ್ಟಿಲು.

ಮಾರ್ಚ್‌ನಲ್ಲಿ ಒಂದು ದಿನ ಕೆಳಗಿನ ಮ್ಯಾನೇಜರ್ ಚಹಾ ಕುಡಿಯುತ್ತ ವಿಷಯ ಹೇಳಿದರು. ಹುಬ್ಬಳ್ಳಿಯವರು. "ನಾವು ನೋಟಿಸ್ ಕೊಟ್ಟೇವ್ರಿ ಮೇಡಂ. ಓಸಿ ಸಿಗಲಿಲ್ಲ ಅಂದ್ರ ಮೂರು ತಿಂಗಳ ನೋಟಿಸ್‌ಗೆ ಹೋಗಬಹುದು ಅಂತ ಅಗ್ರಿಮೆಂಟ್‌ದಾಗ ಐತ್ರಿ." ಬಾಡಿಗೆಯೂ ಅವರಿಗೆ ಅಡಿ ಲೆಕ್ಕದಲ್ಲಿ ಇರಲಿಲ್ಲವಂತೆ, ವ್ಯಾಪಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಇತ್ತಂತೆ. ಚಹಾ ಗಂಟಲಲ್ಲೇ ನಿಂತಿತು. ಅವರನ್ನು ನೋಡಿ ಬಂದ ನಾವು ಅಡಿಗೆ 70 ಕೊಡುತ್ತಿದ್ದೆವು. ನನ್ನ ಅಗ್ರಿಮೆಂಟ್‌ನಲ್ಲಿ ಮೂರು ವರ್ಷ ಬಿಡುವ ಹಾಗಿಲ್ಲ ಅಂತ ಇದೆ. 14 ಪುಟ ಇಂಗ್ಲಿಷು, ಓದದೆ ಸಹಿ ಹಾಕಿದ್ದೆ. ತಪ್ಪು ನನ್ನದೂ ಇದೆ.

ಜೂನ್‌ನ ಕೊನೇ ಭಾನುವಾರ ಅರ್ಧ ರೇಟಿನ ಮಾರಾಟ. ಹೊರಗೆ ಭಾನುವಾರದ ಸಂತೆ, ಒಳಗೂ ಸಂತೆ. ಸಂಜೆ ಹೊತ್ತಿಗೆ ರ‍್ಯಾಕ್‌ಗಳಿಗೂ ರೇಟು ಹಚ್ಚಿದರು. ನಾನು 5 ರೂಪಾಯಿಗೆ ಒಂದರಂತೆ 40 ಹ್ಯಾಂಗರ್ ತಂದೆ. ಅವುಗಳ ಕೊಕ್ಕೆಯಲ್ಲಿ 'ಎಕ್ಸ್‌ಎಲ್' ಅಂತ ಬರೆದ ನೀಲಿ ಪ್ಲಾಸ್ಟಿಕ್ ಬಳೆ ಹಾಗೇ ಉಳಿದಿದೆ. ಈಗ ನನ್ನ ಬ್ಲೌಸ್ ಪೀಸ್ ನೋಡಿ ಗಿರಾಕಿಗಳು "ಇದಕ್ಕೂ ಸೈಜ್ ಇದೆಯಾ?" ಅಂತ ಕೇಳುತ್ತಾರೆ.

ಕಳೆದ ಶನಿವಾರ 5 ಸೀರೆ. ಬಾಡಿಗೆ ಕಡಿಮೆ ಮಾಡಿ ಅಂತ ಕೇಳಿದೆ. "ಬೇರೆ ದೊಡ್ಡ ಪಾರ್ಟಿ ಬರ್ತಾ ಇದೆ ಮೇಡಂ" ಅಂದರು. ವಕೀಲರಿಗೆ ಕಾಗದ ತೋರಿಸಿದೆ. ಒಂದು ವರ್ಷಕ್ಕಿಂತ ಹೆಚ್ಚಿನ ಕರಾರು ರಿಜಿಸ್ಟರ್ ಆಗಿರಬೇಕು, ನಿಮ್ಮದು ಬರೀ ಸ್ಟ್ಯಾಂಪ್ ಪೇಪರ್, ಮೂರು ವರ್ಷದ ಷರತ್ತು ಹಿಡಿದು ಅವರು ಕೋರ್ಟಿಗೆ ಹೋದರೂ ನಿಲ್ಲುವುದು ಕಷ್ಟ ಅಂದರು. ಬಿಲ್ಡರ್ ರಿಜಿಸ್ಟ್ರೇಷನ್ ಖರ್ಚು ಉಳಿಸಿದ್ದು ನನಗೇ ಅನುಕೂಲ ಆಯಿತು ನೋಡಿ. ಆದರೆ ಡೆಪಾಸಿಟ್ ವಾಪಸ್ ಬರುವುದು ಬೇರೆ ಮಾತು.

ಫ್ಲ್ಯಾಟ್ ಬುಕ್ ಮಾಡಿದವರ ಸ್ಥಿತಿ ಇನ್ನೂ ಕಷ್ಟ. ಕುಮಟಾದ ರಿಟೈರ್ಡ್ ಮಾಸ್ತರೊಬ್ಬರು ತಿಂಗಳಿಗೊಮ್ಮೆ ಬಂದು 5ನೇ ಮಹಡಿಯ ತಮ್ಮ ಗೋಡೆ ನೋಡಿ ಹೋಗುತ್ತಾರೆ. "ತಂಗಿ, ನಿಂಗೆ ಬಿಟ್ಟು ಹೋಗಲಿಕ್ಕಾದ್ರೂ ಆಗ್ತದೆ. ನಾ ಎಂತ ಬಿಟ್ಟು ಹೋಗೂದು?" ಅಂದರು. ಅವರಿಗೆ ರೇರಾ ಇದೆ, ಬಿಲ್ಡರ್‌ಗಳಿಂದ ಮನೆ ಕೊಳ್ಳುವವರ ರಕ್ಷಣೆಗೆ ಇರುವ ಕಾನೂನು. 2016ರ ಆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಹೇಳಿದ ದಿನಕ್ಕೆ ಮನೆ ಕೊಡದಿದ್ದರೆ ಬಡ್ಡಿ ಸಮೇತ ಹಣ ವಾಪಸ್ ಕೇಳಬಹುದು. ಮನೆಯೇ ಬೇಕು ಅಂದರೆ ತಡವಾದ ಪ್ರತಿ ತಿಂಗಳಿಗೆ ಬಡ್ಡಿ. ಬಾಡಿಗೆಯವರಾದ ನಮಗೆ ಆ ಬಾಗಿಲು ಇಲ್ಲ. ಮಾಸ್ತರರು ಅರ್ಜಿ ಹಾಕಿದ್ದಾರೆ.

ಇಲ್ಲಿ ಅಂಗಡಿ ನೋಡಲು ಬರುವವರು ಮೊದಲು ಓಸಿ ಕೇಳಿ. ಆಮೇಲೆ, ಕೆಳಗಿನ ದೊಡ್ಡವರು ಹೋದರೆ ನಾವೂ ಹೋಗಬಹುದು ಅನ್ನುವ ಒಂದು ಸಾಲು ಬರೆಸಿ. ಕೊಡಲು ಒಪ್ಪದಿದ್ದರೆ ಮಾರ್ಕೆಟ್ ಓಣಿಯಲ್ಲಿ ಈಗಲೂ ಖಾಲಿ ಇವೆ, ನಾನೇ ಒಂದು ನೋಡಿ ಬಂದಿದ್ದೇನೆ.

ಚೌತಿ ಮುಗಿಯುವವರೆಗೆ ಇಲ್ಲೇ ಇರುತ್ತೇನೆ. ಸೀರೆ ತರುವವರು ಹಿಂದಿನ ಮೆಟ್ಟಿಲಿಂದ ಬನ್ನಿ, ಮುಂದಿನ ಶಟರ್ ಹಾಕಿದೆ. ಅಲ್ಲಿ ದೀಪ ಇಲ್ಲ. ವಾಚ್‌ಮನ್‌ ಅಣ್ಣನಿಗೆ ಹೇಳಿದರೆ ಟಾರ್ಚ್ ಹಿಡಿದು ಮೇಲಿನವರೆಗೆ ಬಿಟ್ಟು ಹೋಗುತ್ತಾನೆ.