ಮಡಿಸಿ ಮುಗಿದ ಒರಿಗಾಮಿಯನ್ನು ಏನು ಮಾಡುವುದು?

ಕಾಗದ ಮಡಿಸಿ ಆಕಾರ ಮಾಡುವ ಕಲೆಯಾದ ಒರಿಗಾಮಿಯನ್ನು ಕಲಿಸುವ ಪುಸ್ತಕಗಳೆಲ್ಲ ಕೊನೆಯ ಮಡಿಕೆಗೆ ನಿಂತುಬಿಡುತ್ತವೆ. ಮುಗಿದ ಮಾದರಿಯನ್ನು ಎಲ್ಲಿಡಬೇಕು ಎಂಬುದನ್ನು ನಾವೇ ಕಂಡುಕೊಳ್ಳಬೇಕು. ಕಪಾಟಿನಲ್ಲಿ ಇಟ್ಟು, ಚೌಕಟ್ಟು ಹಾಕಿಸಿ, ತೂಗುಹಾಕಿ, ಪೆಟ್ಟಿಗೆಗೆ ತುಂಬಿ, ಕೈಯೆತ್ತಿ ಕೊಟ್ಟು, ಕೊನೆಗೆ ಬಿಚ್ಚಿಯೂ ನೋಡಿದ್ದೇನೆ.

ತೆರೆದ ಕಪಾಟು ಕಣ್ಣಿಗೆ ಹಬ್ಬ, ಕಾಗದಕ್ಕೆ ಶತ್ರು. ಧೂಳನ್ನಾದರೂ ಮೃದುವಾದ ಕುಂಚದಿಂದ ಒರೆಸಬಹುದು. ಗಾಳಿಯ ತೇವಕ್ಕೆ ಮದ್ದಿಲ್ಲ. ಕಾಗದದ ನಾರು ತೇವ ಹೀರಿ ಸಡಿಲವಾದಾಗ ಬಿಗಿಯಾಗಿದ್ದ ಮಡಿಕೆ ಬಾಯಿ ಬಿಡುತ್ತದೆ. ನೆಟ್ಟಗೆ ನಿಂತಿದ್ದ ಕುದುರೆಯ ಕಾಲುಗಳು ದಿನಗಳೆದಂತೆ ಅಗಲವಾಗುತ್ತವೆ. ಬಿಸಿಲಿಗೆ ಮುಖ ಮಾಡಿದ್ದ ಮಾದರಿಯ ಒಂದು ಮಡಿಕೆಯನ್ನು ಎತ್ತಿ ನೋಡಿ: ಒಳಗೆ ಕಡುನೀಲಿ, ಹೊರಗೆ ತೊಳೆದಿಟ್ಟಂಥ ಬೂದು. ಇಷ್ಟಾದರೂ ಕಪಾಟಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಒದ್ದೆ ಮಡಿಕೆಯ ಮಾದರಿಗಳು. ಜಪಾನಿನ ಒರಿಗಾಮಿ ಕಲಾವಿದ ಅಕಿರ ಯೋಶಿಜಾವಾ ಬೆಳೆಸಿದ ಈ ವಿಧಾನದಲ್ಲಿ ದಪ್ಪ ಕಾಗದವನ್ನು ತುಸು ಒದ್ದೆ ಮಾಡಿ ಮಡಿಸುತ್ತಾರೆ. ಕಾಗದದಲ್ಲಿರುವ ಅಂಟು ಕರಗಿ ಮತ್ತೆ ಒಣಗಿದಾಗ ಆಕಾರ ಹಾಗೆಯೇ ಗಟ್ಟಿಯಾಗುತ್ತದೆ. ಕಪಾಟಿನ ಜಾಗವನ್ನು ಅವಕ್ಕೇ ಬಿಟ್ಟುಕೊಡುವುದು ನ್ಯಾಯ.

ಚೌಕಟ್ಟು ಒಳ್ಳೆಯದೇ, ಆದರೆ ಚಪ್ಪಟೆ ಮಾದರಿಗಳಿಗೆ ಮಾತ್ರ. ಒಂದೇ ವಿನ್ಯಾಸ ಹಾಳೆಯ ತುಂಬ ಮರುಕಳಿಸುವ ಟೆಸಲೇಶನ್‌ಗೆ ಇದಕ್ಕಿಂತ ಯೋಗ್ಯ ಮನೆ ಇಲ್ಲ. ಮಾಮೂಲಿ ಫೋಟೋ ಚೌಕಟ್ಟಿನ ಗಾಜು ಉಬ್ಬುಗಳನ್ನು ಒತ್ತಿ ಜಜ್ಜುತ್ತದೆ, ಆದ್ದರಿಂದ ಒಳಗೆ ಆಳವಿರುವುದನ್ನೇ ಆರಿಸಬೇಕು. ಅದೇ ಟೆಸಲೇಶನ್ನನ್ನು ದೀಪದ ಮುಂದೆ ಹಿಡಿದರೆ ಮಾತ್ರ ನಿಜವಾದ ಚೆಲುವು ಕಾಣುತ್ತದೆ: ಒಂದೇ ಪದರವಿರುವಲ್ಲಿ ಬೆಳಕು, ಪದರ ಹೆಚ್ಚಿದಂತೆ ಗಾಢವಾಗುವ ನೆರಳು. ಗೋಡೆಯ ಚೌಕಟ್ಟು ಈ ಸುಖವನ್ನು ಕಿತ್ತುಕೊಳ್ಳುತ್ತದೆ ಎಂಬ ಕೊರಗು ನನಗಿದೆ.

ತೂಗುಹಾಕುವುದು ಕುಸುದಾಮಗಳಿಗೂ (ಮಡಿಸಿದ ತುಂಡುಗಳನ್ನು ಜೋಡಿಸಿ ಮಾಡಿದ ಕಾಗದದ ಚೆಂಡುಗಳು) ಕೊಕ್ಕರೆಗಳಿಗೂ ಹೇಳಿ ಮಾಡಿಸಿದ್ದು. ಸಾವಿರ ಕೊಕ್ಕರೆಗಳ ಸೆಂಬಜುರುವನ್ನು ಸಾಮಾನ್ಯವಾಗಿ ದಾರಕ್ಕೆ 40ರಂತೆ 25 ದಾರಗಳಲ್ಲಿ ಪೋಣಿಸುತ್ತಾರೆ. ಬೇರೆ ಮಾದರಿಗಳನ್ನು ತೂಗುಹಾಕಿದರೆ ಅವು ಗಾಳಿಗೆ ಸುತ್ತಿ ಸುತ್ತಿ ರೆಕ್ಕೆ ಬಳಲಿಸಿಕೊಳ್ಳುತ್ತವೆ.

ರಟ್ಟಿನ ಪೆಟ್ಟಿಗೆ ಬಾಳಿಕೆಯಲ್ಲಿ ಎಲ್ಲಕ್ಕಿಂತ ಮುಂದೆ. ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಬಣ್ಣವೂ ಮಡಿಕೆಯೂ ಉಳಿಯುತ್ತವೆ. ಸುತ್ತಲು ಪತ್ರಿಕೆಯ ಹಾಳೆ ಮಾತ್ರ ಬೇಡ. ಅದರಲ್ಲಿ ಉಳಿದಿರುವ ಮರದ ಅಂಶವಾದ ಲಿಗ್ನಿನ್ ಹಳದಿಗಟ್ಟಿ, ಪಕ್ಕದ ಕಾಗದಕ್ಕೂ ಕಲೆ ಮಾಡುತ್ತದೆ. ಆದರೂ ಯಾರೂ ನೋಡದ ಮಾದರಿಗಾಗಿ ಅಷ್ಟು ಹೊತ್ತು ಕೂತು ಮಡಿಸಿದ್ದೇಕೆ ಎಂದು ಮನಸ್ಸು ಕೇಳುತ್ತದೆ.

ಹಾಗಾಗಿ ಕೊಟ್ಟುಬಿಡುವುದು ನನಗೆ ಹೆಚ್ಚು ಹಿಡಿಸಿತು. ಕಪ್ಪೆ, ಕೊಕ್ಕರೆ, ಪುಟ್ಟ ಡಬ್ಬಿಗಳು ಕೈಯಿಂದ ಕೈಗೆ ಹೋಗಲೆಂದೇ ಹುಟ್ಟಿದವು. ಹಿರೋಶಿಮಾದ ಮಕ್ಕಳ ಶಾಂತಿ ಸ್ಮಾರಕಕ್ಕೆ ವರ್ಷಕ್ಕೆ ಸುಮಾರು ಒಂದು ಕೋಟಿ ಕಾಗದದ ಕೊಕ್ಕರೆಗಳು ಬರುತ್ತವೆ. ಅವುಗಳಿಂದ ಮತ್ತೆ ಕಾಗದ ತಯಾರಾಗುವುದೂ ಉಂಟು. ಕೊಟ್ಟ ಮೇಲೆ ಅದು ಉಳಿಯಿತೇ ಎಂದು ವಿಚಾರಿಸಬಾರದು, ಅಷ್ಟೇ.

ಕಷ್ಟಪಟ್ಟು ಕಲಿತ ಮಾದರಿಗಳಿಗೆ ಮಾತ್ರ ನನ್ನ ಆಯ್ಕೆ ಬೇರೆ: ಬಿಚ್ಚಿಬಿಡುವುದು. ಕೊಕ್ಕರೆಯ 15 ಸೆಂಟಿಮೀಟರ್ ಹಾಳೆಯನ್ನು ನಿಧಾನವಾಗಿ ಬಿಡಿಸಿದರೆ ನಡುವಿನಿಂದ ಕಿರಣಗಳಂತೆ ಹರಡಿದ ಗೆರೆಗಳು ಕಾಣುತ್ತವೆ. ಪದೇಪದೇ ಮಡಿಸಿದ ಕಡೆ ಬಣ್ಣ ಉದುರಿ ಬಿಳಿ ನಾರು ಇಣುಕುತ್ತದೆ, ಕೆಲವು ಗೆರೆ ಉಬ್ಬಿ, ಕೆಲವು ತಗ್ಗಿ ನಿಲ್ಲುತ್ತವೆ. ಯಾವ ಮೂಲೆ ಕೊಕ್ಕಾಯಿತು, ಯಾವುದು ಬಾಲವಾಯಿತು ಎಂದು ಬೆರಳಿಟ್ಟು ತೋರಿಸಬಹುದು. ಯಾವ ಚಿತ್ರಪಾಠಕ್ಕಿಂತಲೂ ಸ್ಪಷ್ಟವಾಗಿ ಮಾದರಿಯ ರಚನೆ ಅರ್ಥವಾಗುವುದು ಆಗಲೇ. ಇಂಥ ಹಾಳೆಗಳನ್ನು ಕಡತದಲ್ಲಿ ಹೆಸರು ಬರೆದು ಇಟ್ಟಿದ್ದೇನೆ. ಮತ್ತೆ ಬೇಕೆನಿಸಿದಾಗ ಹಳೆಯ ಗೆರೆಗಳ ಮೇಲೆಯೇ ಮಡಿಸಿದರೆ ಕಾಗದ ತಕರಾರಿಲ್ಲದೆ ಕೊಕ್ಕರೆಯಾಗುತ್ತದೆ.